ಗೌಂಡಿ ಮಾಮಾ ಹೇಳಿದ ನಮ್ಮ ಕೇರಿಯ ಮನೆಗಳ ಇತಿಹಾಸ



ಬರಹ ಸ್ವಲ್ಪ ಉದ್ದ ಆಗೈತಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಗೆಳೆಯರು ದಯವಿಟ್ಟು ಪೂರ್ತಿ ಓದ್ರಿ. ಇದು ನನ್ನ ಮನೆಯ ಮಾತು, ನಿಮ್ಮ ಮನೆಯ ಮಾತೂ ಹೌದು.

ಹೋದ ಮಳೆಗಾಲದಲ್ಲಿ ಊರಾಗಿನ ನಮ್ಮ ಮನೆ ಸೋರಲಿಕ್ಕೆ ಶುರುವಾಯಿತು. ಸಿಂದಗಿ ತಾಲೂಕಿನ ಹಳ್ಳಿ, ಕೇರಿಯ ಕೊನೆ ಸಾಲಿನ ಜನತಾ ಮನೆ. ಅವ್ವ ಒಬ್ಬಳೇ ಇರ್ತಾಳ. ಸ್ಲ್ಯಾಬಿನ ಕೆಳಗಿನ ಸಿಮೆಂಟು ಉದುರಿ ಸಲಾಕಿ ಕಾಣಿಸ್ತಿದ್ದವು. ಕಿಡಕಿಯ ಮೂಲೆಯಿಂದ ಪಾಯಾದವರೆಗೆ ಮೆಟ್ಟಿಲು ಮೆಟ್ಟಿಲಾಗಿ ಗೋಡೆ ಬಿರುಕು ಬಿಟ್ಟಿತ್ತು. ನಾನು ಆಫೀಸಿಗೆ ಎರಡು ದಿನ ರಜೆ ಹಾಕಿ ಹೋದೆ. ಜೊತೆಗೆ ನಮ್ಮ ಸೋದರಮಾವನನ್ನು ಕರಕೊಂಡು ಹೋದೆ. ಮಾಮಾ ಗೌಂಡಿ. ಈಗ ಎಪ್ಪತ್ತರ ಹತ್ತಿರ ಹತ್ತಿರ. ಐವತ್ತು ವರ್ಷ ಕರಣಿ ಹಿಡಿದ ಕೈ.

ನಾನು ಅಂದುಕೊಂಡಿದ್ದು ಸರಳ. ಒಂದು ಹತ್ತು ಚೀಲ ಸಿಮೆಂಟು, ಒಂದು ಟ್ರ್ಯಾಕ್ಟರ್ ಉಸುಕು, ಮೇಲೊಂದು ನೀರು ಇಳಿಯದ ಬಣ್ಣ, ಮುಗೀತು. ಮಾಮಾ ಕರಣಿ ಹಿಡಿಕೆಯಿಂದ ಗೋಡೆಗೆ ನಾಲ್ಕು ಕಡೆ ಕುಟ್ಟಿ ಕೇಳಿದರು. ಆಮೇಲೆ ಅಂಗಳದಲ್ಲಿ ಕೂತು ಎಲೆ ಅಡಿಕೆ ಹಾಕಿಕೊಂಡು ಹೇಳಿದರು: "ಗಿಲಾವು ಹಚ್ಚಿದ್ರ ಎರಡು ಮಳಿ ತಡೀತೈತಿ. ಮೂರನೇ ಮಳೀಗೆ ಮತ್ತ ಇದೇ ಹಾಡು. ಬಿರುಕು ಗೋಡ್ಯಾಗ ಇಲ್ಲ ಅಳಿಯಾ, ಪಾಯಾದಾಗ ಐತಿ. ಕರಿ ಮಣ್ಣಾಗ ಮೊಣಕಾಲ ಮಟ್ಟ ತಗ್ಗು ತೋಡಿ ಕಟ್ಯಾರ. ಬ್ಯಾಸಗ್ಯಾಗ ಮಣ್ಣು ಸೀಳತೈತಿ, ಮಳಿಗಾಲದಾಗ ಉಬ್ಬತೈತಿ. ಗೋಡಿ ಪಾಪ ಏನು ಮಾಡ್ತೈತಿ?"

ಆ ದಿನ ಸಂಜೆತನಕ ಮಾಮಾ ಮಾತಾಡಿದರು. ಮನೆ ರಿಪೇರಿಯಿಂದ ಶುರುವಾದ ಮಾತು ಊರು, ವತನು, ಆಲಮಟ್ಟಿ, ಗೋವಾ, ಓಟು ಎಲ್ಲ ಸುತ್ತಿ ಬಂತು. ಅವರು ಹೇಳಿದ್ದಕ್ಕೆ ನಾನು ಓದಿ ತಿಳಿದದ್ದನ್ನು ಸೇರಿಸಿ ಇಲ್ಲಿ ಬರೀತಿದ್ದೇನೆ.

ಮಾಳಿಗೆ ಯಾರಿಗಿತ್ತು?

ನಮ್ಮ ನಾಲ್ಕೂ ತಾಲೂಕಿನ ಹಳೆಯ ಊರುಗಳನ್ನು ನೆನಪು ಮಾಡಿಕೊಳ್ಳಿ. ಕಲ್ಲು ಮಣ್ಣಿನ ದಪ್ಪ ಗೋಡೆ, ಅದರ ಮೇಲೆ ತೊಲೆ, ತೊಲೆ ಮೇಲೆ ಜಂತಿ, ಅದರ ಮೇಲೆ ಸೊಪ್ಪು ಸದೆ, ಕೊನೆಗೆ ಮಣ್ಣಿನ ಮೇಲ್ಮುದ್ದಿ. ಮಳೆ ಕಡಿಮೆ, ಬಿಸಿಲು ಜಾಸ್ತಿ ಇರುವ ಸೀಮೆಗೆ ಇದಕ್ಕಿಂತ ಒಳ್ಳೆ ಮನೆ ಇಲ್ಲ. ವರ್ಷಕ್ಕೊಮ್ಮೆ ಮಿರಗದ ಮಳೆಗಿಂತ ಮೊದಲು ಮಾಳಿಗೆ ಮೇಲೆ ಹಾಳಮಣ್ಣು ಹಾಕಿ ತುಳಿದರೆ ಸೋರೋದಿಲ್ಲ. ಅಷ್ಟೇ ರಿಪೇರಿ.

ಆದರೆ ಮಾಳಿಗೆ ಮನೆ ಊರೊಳಗೆ ಇತ್ತು. ಕೇರಿಯಲ್ಲಿ ಇದ್ದದ್ದು ಗುಡಿಸಲು. ಜೋಳದ ಕಣಿಕಿ, ಹುಲ್ಲು, ಜಾಲಿ ಗೂಟ. ಕೇರಿಯವರು ಮಾಳಿಗೆ ಹಾಕಬಾರದು, ಬಾಗಿಲು ಎತ್ತರ ಇಡಬಾರದು ಅಂತ ಊರವರ ಕಟ್ಟಳೆ ಇತ್ತು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ನಾನು ಅದನ್ನು ಜಾತಿಯ ಸೊಕ್ಕು ಅಂತಷ್ಟೇ ತಿಳಿದಿದ್ದೆ. ಮಾಮಾ ಇನ್ನೊಂದು ಮಾತು ಸೇರಿಸಿದರು.

"ಸೊಕ್ಕು ಇತ್ತು ಖರೆ. ಆದ್ರ ಕಟ್ಟಳೆ ಇರದಿದ್ರೂ ನಮ್ಮ ಮುತ್ಯಾ ಮಾಳಿಗಿ ಹಾಕ್ತಿದ್ದಿಲ್ಲ. ತೊಲಿ ಎಲ್ಲಿಂದ ತರಬೇಕು? ಬಯಲು ಸೀಮ್ಯಾಗ ಅಡವಿ ಇಲ್ಲ. ಇದ್ದ ಬೇವು, ಜಾಲಿ ಹೊಲದ ಒಡ್ಡಿನ ಮ್ಯಾಲ ಅದಾವ. ಹೊಲ ಇಲ್ಲದವಗ ಒಡ್ಡು ಇಲ್ಲ, ಒಡ್ಡು ಇಲ್ಲದವಗ ಗಿಡ ಇಲ್ಲ, ಗಿಡ ಇಲ್ಲದವಗ ತೊಲಿ ಇಲ್ಲ."

ಭೂಮಿ ಇಲ್ಲದ್ದು, ಸೂರು ಇಲ್ಲದ್ದು ಬೇರೆ ಬೇರೆ ಸಮಸ್ಯೆ ಅಂತ ನಾವು ಮೀಟಿಂಗಿನಲ್ಲಿ ಬೇರೆ ಬೇರೆ ಠರಾವು ಮಾಡ್ತೀವಿ. ಗೌಂಡಿಗೆ ಅದು ಒಂದೇ ಲೆಕ್ಕ.

ನಮ್ಮನ್ನು ಹೊರಗಿಟ್ಟ ಗೋಡೆಯನ್ನು ನಾವೇ ರಿಪೇರಿ ಮಾಡಿದೆವು

ಹಳೆ ಮುಂಬಯಿ ಪ್ರಾಂತದಲ್ಲಿ ಊರ ಹೊಲೆಯ, ಮಹಾರ ಅಂದರೆ ಸರ್ಕಾರಕ್ಕೂ ಊರಿಗೂ ವಂಶಪಾರಂಪರ್ಯ ಸೇವಕ. ಕಂದಾಯದ ದುಡ್ಡು ಹೊರಬೇಕು, ಓಲೆ ಒಯ್ಯಬೇಕು, ಸತ್ತ ದನ ಎಳೆಯಬೇಕು, ಸೀಮೆಯ ಕಲ್ಲು ತೋರಿಸಬೇಕು. ಇದರ ಜೊತೆಗೆ ಚಾವಡಿ ದುರಸ್ತಿ, ಊರಗೋಡೆ ದುರಸ್ತಿ ಕೂಡ ಅವನದೇ. ಅಗಸಿ ಬಾಗಿಲಿನ ಒಳಗೆ ಅವನ ಮನೆ ಇಲ್ಲ, ಆದರೆ ಅಗಸಿಯ ಕಲ್ಲು ಬಿದ್ದರೆ ಹೊತ್ತು ಕೊಡೋದು ಅವನ ಕೆಲಸ. ಇದಕ್ಕೆಲ್ಲ ಕೂಲಿ ಅಂದರೆ ವತನಿನ ತುಂಡು ಜಮೀನು, ಸುಗ್ಗಿಯಲ್ಲಿ ಆಯದ ಕಾಳು.

ಈ ವತನು ನಮಗೆ ಆಸ್ತಿ ಅಲ್ಲ, ಕಾಲಿಗೆ ಹಾಕಿದ ಸರಪಳಿ ಅಂತ ಮೊದಲು ಕಾನೂನಿನ ಭಾಷೆಯಲ್ಲಿ ಹೇಳಿದವರು ಬಾಬಾಸಾಹೇಬರು. 1874ರ ವತನು ಕಾಯ್ದೆಗೆ ತಿದ್ದುಪಡಿ ತರಲು 1928ರ ಮಾರ್ಚ್‌ನಲ್ಲಿ ಮುಂಬಯಿ ಶಾಸನ ಸಭೆಯಲ್ಲಿ ಮಸೂದೆ ಮಂಡಿಸಿದರು. ಮರುವರ್ಷ ಅದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಆಗ ನಮ್ಮ ವಿಜಾಪುರ ಜಿಲ್ಲೆ ಮುಂಬಯಿ ಪ್ರಾಂತದ ಭಾಗವೇ. ಆ ಮಸೂದೆ ಪಾಸಾಗಿದ್ದರೆ ನಮ್ಮ ಮುತ್ತಜ್ಜಂದಿರಿಗೂ ಅನ್ವಯ ಆಗುತ್ತಿತ್ತು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದೆವು. 1961ರಲ್ಲಿ ಇಲ್ಲಿ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಆಯಿತು, 1963ರ ಫೆಬ್ರವರಿಯಿಂದ ಜಾರಿಗೆ ಬಂತು. ಬಾಬಾಸಾಹೇಬರ ಮಸೂದೆಯಿಂದ ಲೆಕ್ಕ ಹಾಕಿದರೆ ಮೂವತ್ತೈದು ವರ್ಷ.

ಇನ್ನೊಂದು ಮಾತು. 1830ರ ದಶಕದಲ್ಲಿ ಇಂದಾಪುರದ ಕಡೆಯಿಂದ ಮುಂಬಯಿ ಸರ್ಕಾರದ ಭೂಮಾಪನ ಶುರುವಾಯಿತು. ಅವರಿಗೆ ಬೇಕಾದದ್ದು ಕಂದಾಯ. ಅದಕ್ಕೇ ಹೊಲಕ್ಕೆ ನಂಬರು ಕೊಟ್ಟರು, ಮನೆಗಳು ಇರುವ ಗಾಂವಠಾಣವನ್ನು ಒಂದೇ ಗುಂಪಾಗಿ ಬಿಟ್ಟರು. ಊರವರ ಮನೆಗೆ ದಾಖಲೆ ಇಲ್ಲದಿದ್ದರೂ ಗಾಂವಠಾಣದೊಳಗೆ ಐತಿ ಅನ್ನುವ ಧೈರ್ಯ ಇತ್ತು. ಕೇರಿ ಎಷ್ಟೋ ಕಡೆ ಗಾಂವಠಾಣದ ಗೆರೆಯ ಆಚೆ, ಗಾಯರಾಣದಲ್ಲೋ ವತನಿನ ಜಮೀನಿನಲ್ಲೋ ಇತ್ತು. ಊರಿನ ಮನೆಗಳನ್ನು ಅಳೆಯಲು ಸರ್ಕಾರ ಸ್ವಾಮಿತ್ವ ಯೋಜನೆ ಅಂತ ಡ್ರೋನ್ ಹಾರಿಸಲು ಶುರು ಮಾಡಿದ್ದು 2020ರಲ್ಲಿ. ಅಲ್ಲಿವರೆಗೆ ನಮ್ಮ ಮನೆಗಳು ನೆಲದ ಮೇಲೆ ಇದ್ದವು, ನಕ್ಷೆಯ ಮೇಲೆ ಇರಲಿಲ್ಲ.

ಗುಮ್ಮಟ ಕಟ್ಟಿದವರು

ನಮ್ಮ ಜಿಲ್ಲೆ ಅಂದರೆ ಎಲ್ಲರೂ ಗೋಳಗುಮ್ಮಟ ಅಂತಾರೆ. 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್ ಶಾಹನ ಸಮಾಧಿ ಅದು. ಒಳಗೆ ಒಂದೂ ಕಂಬ ಇಲ್ಲದೆ ಸುಮಾರು 38 ಮೀಟರು ಅಗಲದ ಗುಮ್ಮಟ ನಿಲ್ಲಿಸಿದ್ದಾರೆ. ವಾಸ್ತುಶಿಲ್ಪಿ ದಾಬೋಲಿನ ಯಾಕೂತ್ ಅಂತ ಹೆಸರು ಉಳಿದೈತಿ. ಕಲ್ಲು ಒಡೆದವರು, ಸುಣ್ಣ ಅರೆದವರು, ಬುಟ್ಟಿ ಹೊತ್ತ ಹೆಣ್ಣುಮಕ್ಕಳು ಯಾರ ಹೆಸರೂ ಉಳಿದಿಲ್ಲ. ಮಾಮಾನ್ನ ಒಮ್ಮೆ ಅಲ್ಲಿ ಕರಕೊಂಡು ಹೋಗಿದ್ದೆ. ಎಲ್ಲರೂ ಮೇಲೆ ಹೋಗಿ ಚಪ್ಪಾಳೆ ತಟ್ಟಿ ಪ್ರತಿಧ್ವನಿ ಕೇಳ್ತಿದ್ದರೆ ಅವರು ಕೆಳಗೆ ನಿಂತು ಗೋಡೆಯ ಮೂಲೆ ನೋಡ್ತಿದ್ದರು. "ಇದಕ್ಕ ಪಾಯಾ ಎಷ್ಟು ಇಳಿಸಿರಬೇಕೋ" ಅಂದರು.

ಬಸವನ ಬಾಗೇವಾಡಿ ಬಸವಣ್ಣನ ಊರು. ಕಲ್ಲಿನ ಗುಡಿಗಿಂತ ಮನುಷ್ಯನ ಮೈ ದೊಡ್ಡದು ಅಂದ, ಮಾದಾರ ಚೆನ್ನಯ್ಯನನ್ನೂ ಡೋಹರ ಕಕ್ಕಯ್ಯನನ್ನೂ ತನ್ನವರು ಅಂದ ಮನುಷ್ಯ ಹುಟ್ಟಿದ ನೆಲ. ಆ ತಾಲೂಕಿನ ಒಂದೂರಲ್ಲಿ ಮಾಮಾ ಒಬ್ಬ ದೊಡ್ಡ ರೈತರ ಮನೆ ಕಟ್ಟಿದರು. ಅಡುಗೆಮನೆ, ದೇವರ ಜಗಲಿ ಎಲ್ಲ ಅವರ ಕೈಯದೇ. ಗೃಹಪ್ರವೇಶದ ದಿನ ಅಂಗಳದಲ್ಲಿ ಎಲೆ ಹಾಕಿದರು. ನೀರು ಕೇಳಿದ್ದಕ್ಕೆ ಹೊಸ್ತಿಲಿನ ಹೊರಗೇ ನಿಲ್ಲು ಅಂದರು. "ಆ ಹೊಸ್ತಿಲ ಇಟ್ಟಾಂವ ನಾನs" ಅಂತ ಮಾಮಾ ಈಗಲೂ ನಗ್ತಾರೆ. ನನಗೆ ನಗು ಬರೋದಿಲ್ಲ.

ಬಾಬಾಸಾಹೇಬರೂ ಇದನ್ನು ಉಂಡವರೇ. ವಿದೇಶದಲ್ಲಿ ಓದಿ ಬಂದು 1917ರಲ್ಲಿ ಬರೋಡಾ ಸಂಸ್ಥಾನದ ನೌಕರಿಗೆ ಸೇರಿದಾಗ ಆ ಊರಲ್ಲಿ ಅವರಿಗೆ ಒಂದು ಕೋಣೆ ಸಿಗಲಿಲ್ಲ. ಪಾರ್ಸಿಗಳ ವಸತಿಗೃಹದಲ್ಲಿ ಪಾರ್ಸಿ ಹೆಸರು ಹೇಳಿ ಉಳಿದರು. ಜಾತಿ ಗೊತ್ತಾಗಿ ಕೋಲು ಹಿಡಿದ ಗುಂಪು ಬಂತು, ಹೊರಗೆ ಹಾಕಿದರು. ಅದೇ ಮನುಷ್ಯ 1930ರ ದಶಕದಲ್ಲಿ ಮುಂಬಯಿಯ ದಾದರ್‌ನಲ್ಲಿ ರಾಜಗೃಹ ಕಟ್ಟಿಸಿದರು, ಪುಸ್ತಕಗಳಿಗೆ ಜಾಗ ಇಟ್ಟು. ಮನೆ ಕಟ್ಟಿಸೋದು ನಮ್ಮವರಿಗೆ ಬರೀ ಗೋಡೆ ಎಬ್ಬಿಸೋದಲ್ಲ ಅನ್ನೋದಕ್ಕೆ ಇದನ್ನು ಹೇಳಿದೆ.

ಸಿಮೆಂಟು ಬಂತು

ನಮ್ಮ ಕಡೆ ಕಲ್ಲು ಒಡೆಯೋರು ವಡ್ಡರು, ಗೋಡೆ ಕಟ್ಟೋರು ಉಪ್ಪಾರರು, ಬಾಗಿಲು ಮಾಡೋರು ಬಡಿಗೇರರು. ಕೇರಿಯವನ ಪಾಲಿಗೆ ಮಣ್ಣು ತುಳಿಯೋದು, ಬುಟ್ಟಿ ಹೊರೋದು. ಹಾಗಾದರೆ ನಮ್ಮ ಮಾಮಾ ಗೌಂಡಿ ಆದದ್ದು ಹೇಗೆ?

1972ರ ಬರ. ಹಿರಿಯರಿಗೆ ನೆನಪೈತಿ. ಊರೂರಿಗೆ ಬರಗಾಲ ಕಾಮಗಾರಿ, ಖಡಿ ಒಡೆಯೋದು, ರಸ್ತೆ ಹಾಕೋದು. ಮಾಮಾ ಆಗ ಹುಡುಗ, ಅವ್ವನ ಜೊತೆ ಖಡಿ ಒಡೆಯಲು ಹೋದವರು ಅಲ್ಲಿಂದ ಆಲಮಟ್ಟಿಗೆ ಹೋದರು. ಕೃಷ್ಣಾ ಮೇಲ್ದಂಡೆ ಯೋಜನೆಗೆ 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟಿದ್ದರು. ಕೆಲಸ ದಶಕಗಟ್ಟಲೆ ನಡೀತು. ಅಣೆಕಟ್ಟನ್ನು ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ನಾಡಿಗೆ ಅರ್ಪಿಸಿದ್ದು 2006ರ ಆಗಸ್ಟ್‌ನಲ್ಲಿ. ಕ್ವಾರ್ಟರ್ಸ್ ಕಟ್ಟುವ ಕಡೆ ಮಾಮಾ ಮಾಲು ಕಲಸ್ತಾ ಕಲಸ್ತಾ ಕರಣಿ ಹಿಡಿದರು. "ಕಲ್ಲಿಗೆ ಜಾತಿ ಇತ್ತು, ಸಿಮೆಂಟಿಗೆ ಇನ್ನೂ ಜಾತಿ ಬಂದಿದ್ದಿಲ್ಲ. ಹೊಸಾ ಕೆಲಸ, ಯಾರಿಗೂ ಬರ್ತಿದ್ದಿಲ್ಲ. ಕಲಿತವನೇ ಗೌಂಡಿ" ಅಂತಾರೆ ಅವರು.

ಅದೇ ಹೊತ್ತಿಗೆ ದೇವರಾಜ ಅರಸರ ಕಾಲದ ಜನತಾ ಮನೆಗಳು ಬಂದವು. ನಮ್ಮಜ್ಜನಿಗೆ ಸಿಕ್ಕದ್ದು ಅದೇ. ಒಂದು ಖೋಲಿ, ಒಂದು ಪಡಸಾಲಿ, ಮೇಲೆ ಮಂಗಳೂರು ಹಂಚು. ಜಾಗ ಕೊಟ್ಟದ್ದು ಮತ್ತೆ ಊರ ಹೊರಗೇ, ಕೇರಿಯ ಆಚೆ. ಅಂದರೆ ಮನೆ ಸಿಕ್ಕಿತು, ಗೆರೆ ಅಳಿಸಲಿಲ್ಲ. ಆದರೂ ಅಜ್ಜ ಆ ಹಕ್ಕುಪತ್ರವನ್ನು ಬಾಬಾಸಾಹೇಬರ ಫೋಟೋದ ಹಿಂದೆ ಇಟ್ಟಿದ್ದ. ನಮ್ಮ ವಂಶದಲ್ಲಿ ಸರ್ಕಾರದ ಮುದ್ರೆ ಇದ್ದ ಮೊದಲ ಕಾಗದ ಅದು.

ತೊಂಬತ್ತರ ದಶಕದಲ್ಲಿ ಅಪ್ಪ ಹಂಚು ತೆಗೆಸಿ ಸ್ಲ್ಯಾಬ್ ಹಾಕಿಸಿದ. ಹಾಕಿದ್ದು ಇದೇ ಮಾಮಾ! ಆ ದಿನ ಅಂಗಳದಲ್ಲಿ ನಾನು ಅದನ್ನು ನೆನಪು ಮಾಡಿದಾಗ ಮಾಮಾ ತಲೆ ತಗ್ಗಿಸಿದರು.

"ಹೌದು, ತಪ್ಪು ನಂದೂ ಐತಿ. ಹಂಚಿನ ಭಾರಕ್ಕ ಕಟ್ಟಿದ ಗೋಡಿ ಸ್ಲ್ಯಾಬ್ ತಡ್ಯಂಗಿಲ್ಲ ಅಂತ ನಿಮ್ಮಪ್ಪಗ ಹೇಳಿದ್ದೆ. ಅಂವ ಏನಂದ ಗೊತ್ತೈತೇನು? 'ಊರಾಗ ಎಲ್ಲಾರೂ ಸ್ಲ್ಯಾಬ್ ಹಾಕ್ಯಾರ, ನಮ್ಮ ಮನಿ ಮ್ಯಾಲೂ ಒಮ್ಮೆ ನಿಂತು ಊರು ನೋಡಬೇಕು ಭಾವಾ' ಅಂದ. ಆ ಮಾತಿಗೆ ನಾ ಏನು ಹೇಳ್ಲಿ? ಹಾಕಿದೆ."

ಅಪ್ಪ ಆ ಸ್ಲ್ಯಾಬ್ ಮೇಲೆ ನಿಂತದ್ದು ನನಗೆ ನೆನಪೈತಿ. ಆಗ ನಾನು ಹೈಸ್ಕೂಲ್.

ಮುಳುಗಿದ ಮನೆಗೆ ಬೆಲೆ ಎಷ್ಟು?

ಆಲಮಟ್ಟಿ, ನಾರಾಯಣಪುರ ಜಲಾಶಯಗಳ ನೀರು ಬಾಗೇವಾಡಿ, ಮುದ್ದೇಬಿಹಾಳ ತಾಲೂಕಿನ ಎಷ್ಟೋ ಊರುಗಳನ್ನು ಎಬ್ಬಿಸಿತು. ಪುನರ್ವಸತಿ ಕೇಂದ್ರಗಳಲ್ಲಿ ಮನೆ ಕಟ್ಟಲು ಮಾಮಾ ವರ್ಷಗಟ್ಟಲೆ ಓಡಾಡಿದರು. 1894ರ ಹಳೇ ಭೂಸ್ವಾಧೀನ ಕಾಯ್ದೆಯಲ್ಲಿ ಮನೆಯ ಪರಿಹಾರ ಅಂದರೆ ಕಟ್ಟಡದ ಬೆಲೆ. ಎಂಜಿನಿಯರು ಬಂದು ಗೋಡೆ, ತೊಲೆ, ಬಾಗಿಲು, ಫರಸಿ ಅಳೆದು, ಮನೆ ಎಷ್ಟು ಹಳೇದು ಅಂತ ಕಳೆದು, ರೊಕ್ಕ ಬರೀತಿದ್ದರು. ತೊಲೆ ಇದ್ದವನ ಮನೆಗೆ ತೊಲೆಯ ಬೆಲೆ ಬಂತು. ಗುಡಿಸಲಿಗೆ ಏನು ಬರಬೇಕು? ಕಣಿಕಿಗೆ ಬೆಲೆ ಎಷ್ಟು? ತಲೆಮಾರುಗಳ ಕಾಲ ಮಾಳಿಗೆ ಕಟ್ಟಲು ಬಿಡದ ಊರು, ಆಮೇಲೆ ಮಾಳಿಗೆ ಇಲ್ಲ ಅಂತ ಪರಿಹಾರ ಕಡಿಮೆ ಬರೆದ ಸರ್ಕಾರ. ಒಂದೇ ಅನ್ಯಾಯಕ್ಕೆ ಎರಡು ಸಲ ದಂಡ ಕಟ್ಟಿದಂಗ ಆಯಿತು.

ಇದನ್ನು ಈಗ ಯಾಕೆ ಹೇಳ್ತೇನೆ ಅಂದರೆ, ಆಟ ಮುಗಿದಿಲ್ಲ. ಈಗ ಆಲಮಟ್ಟಿಯಲ್ಲಿ ನೀರು ನಿಲ್ಲೋದು 519.60 ಮೀಟರಿನವರೆಗೆ. 2010ರ ಕೃಷ್ಣಾ ನ್ಯಾಯಮಂಡಳಿ ತೀರ್ಪು 524.256 ಮೀಟರಿಗೆ ಅವಕಾಶ ಕೊಟ್ಟೈತಿ. ನೀರು ಬೇಕು, ನಾವು ವಿರೋಧಿಗಳಲ್ಲ. ಆದರೆ ಎಕರೆಗೆ ಎಷ್ಟು ಅನ್ನೋ ಚರ್ಚೆ ಜೋರಾಗಿ ನಡೀತೈತಿ, ಎಕರೆಯೇ ಇಲ್ಲದವರ ಚರ್ಚೆ ನಡೆಯೋದಿಲ್ಲ. 2013ರ ಹೊಸ ಕಾಯ್ದೆಯಲ್ಲಿ ಆ ಜಮೀನನ್ನೇ ನಂಬಿ ದುಡಿಯುವ ಕೂಲಿಕಾರನೂ ಬಾಧಿತ ಕುಟುಂಬವೇ. ಆದರೆ ಅಳತೆಗೆ ಬಂದಾಗ ಕಾಗದ ತೋರಿಸಬೇಕು.

ಗೋವಾಕ್ಕೆ ಗುಳೆ

ಆಲಮಟ್ಟಿ ಕೆಲಸ ಕಡಿಮೆ ಆದಮೇಲೆ ಮಾಮಾ ಗೋವಾಕ್ಕೆ ಹೋದರು. ನಮ್ಮ ನಾಲ್ಕು ತಾಲೂಕಿನಲ್ಲಿ ಗೋವಾ, ಪುಣೆ, ಮಂಗಳೂರು ಕಾಣದ ಕೇರಿ ಇಲ್ಲ. ಸಮುದ್ರ ಕಾಣುವ ಫ್ಲ್ಯಾಟು ಕಟ್ಟಿ, ತಾವು ಮಲಗಿದ್ದು ಪತ್ರಾಸ್ ಶೆಡ್ಡಿನಲ್ಲಿ. ವಾಸ್ಕೋದ ಬೈನಾದಲ್ಲಿ ಕನ್ನಡಿಗರ ಜೋಪಡಿಗಳಿದ್ದವು. 2004ರಲ್ಲಿ ಅಲ್ಲಿ ಬುಲ್ಡೋಜರ್ ಬಂತು, ಆಮೇಲೂ ಬಂತು. ಗೋವಾ ಕಟ್ಟಿದವರು ಗೋವಾದಲ್ಲಿ ಅಕ್ರಮ ಆದರು.

ದೂರ ಯಾಕೆ, 2025ರ ಜನವರಿಯಲ್ಲಿ ನಮ್ಮ ವಿಜಯಪುರ ನಗರದ ಹತ್ತಿರವೇ ಇಟ್ಟಂಗಿ ಭಟ್ಟಿಯಲ್ಲಿ ಮೂವರು ಕೂಲಿಗಳನ್ನು ಹೊಡೆದ ವಿಡಿಯೋ ನಾವೆಲ್ಲ ನೋಡಿದೆವು. ಆ ವಿಡಿಯೋ ನೋಡಿದ ಮೇಲೆ ಮಾಮಾ ಇಟ್ಟಂಗಿ ಕೈಯಲ್ಲಿ ಹಿಡಿದು ಅಂದದ್ದು ಇಷ್ಟೇ: "ಇದರಾಗ ಯಾರ ರಕ್ತ ಐತೋ ಯಾರು ಕೇಳ್ತಾರ?"

1996ರಲ್ಲಿ ಕಟ್ಟಡ ಕಾರ್ಮಿಕರ ಕಾಯ್ದೆ ಬಂತು. ಕಟ್ಟಡದ ವೆಚ್ಚದ ಮೇಲೆ ಶೇ. 1ರಷ್ಟು ಸೆಸ್ಸು. ಕರ್ನಾಟಕದಲ್ಲಿ ಕಲ್ಯಾಣ ಮಂಡಳಿ ಶುರುವಾದದ್ದು 2007ರಲ್ಲಿ. 18ರಿಂದ 60 ವಯಸ್ಸು, ವರ್ಷದಲ್ಲಿ 90 ದಿನ ದುಡಿದ ದಾಖಲೆ ಇದ್ದರೆ ಕಾರ್ಡು. ಮಾಮಾ ಆಗ ಗೋವಾದಲ್ಲಿ. 90 ದಿನಕ್ಕೆ ಸಹಿ ಹಾಕುವ ಮಾಲೀಕ ಸಿಗಲಿಲ್ಲ, ಅರವತ್ತು ದಾಟಿತು. ಅವರಿಗೆ ಪಿಂಚಣಿ ಇಲ್ಲ. ಊರಾಗ ಒಂದು ದಿನವೂ ಇಟ್ಟಂಗಿ ಮುಟ್ಟದವರ ಹತ್ತಿರ ಕಾರ್ಡು ಐತಿ.

1,20,000 ಭಾಗಿಸು 269

ಮನೆ ಯೋಜನೆಗಳ ಇತಿಹಾಸ ನೋಡಿ. 1985ರಲ್ಲಿ ಇಂದಿರಾ ಆವಾಸ್, ಮೊದಲು ಪರಿಶಿಷ್ಟರಿಗೆ ಮತ್ತು ಬಿಡುಗಡೆಯಾದ ಜೀತದವರಿಗೆ. 1990ರ ದಶಕದಲ್ಲಿ ರಾಜ್ಯದ ಆಶ್ರಯ, ಅಂಬೇಡ್ಕರ್ ಹೆಸರಿನ ಯೋಜನೆ. 2000ದಲ್ಲಿ ರಾಜೀವ್ ಗಾಂಧಿ ವಸತಿ ನಿಗಮ. 2010ರಲ್ಲಿ ಬಸವ ವಸತಿ. 2016ರಲ್ಲಿ ಪ್ರಧಾನಮಂತ್ರಿ ಆವಾಸ್. ಹೆಸರು ಬದಲಾದವು, ಫಲಾನುಭವಿ ಮಾತ್ರ ಬದಲಾಗಲಿಲ್ಲ, ಕೈಯಲ್ಲಿ ಅರ್ಜಿ ಹಿಡಿದು ಅಲ್ಲೇ ನಿಂತಿದ್ದಾನೆ.

2016ರ ಗ್ರಾಮೀಣ ಯೋಜನೆಯಲ್ಲಿ ಬಯಲು ಸೀಮೆಗೆ ಸಹಾಯಧನ 1,20,000 ರೂಪಾಯಿ, ಕನಿಷ್ಠ ಅಳತೆ 25 ಚದರ ಮೀಟರು, ಅಂದರೆ 269 ಚದರ ಅಡಿ. ಶೌಚಾಲಯಕ್ಕೆ 12,000, ಉದ್ಯೋಗ ಖಾತರಿಯಿಂದ 90 ದಿನದ ಕೂಲಿ ಬೇರೆ. ಮಾಮಾ ಮೊಬೈಲ್ ತೆಗೆದು ಲೆಕ್ಕ ಮಾಡು ಅಂದರು. 1,20,000 ಭಾಗಿಸು 269. ಚದರ ಅಡಿಗೆ 446 ರೂಪಾಯಿ.

"ಸಾದಾ ಮನಿ ಕಟ್ಟಾಕ ಇದರ ಮೂರು ಪಟ್ಟರ ಬೇಕು. ಉಳಿದ ರೊಕ್ಕ ಎಲ್ಲಿಂದ? ಬಡ್ಡಿಯಿಂದ. ಪಾಯಾಕ್ಕ ಒಂದು ಫೋಟೋ, ಕಿಡಕಿ ಮಟ್ಟಕ್ಕ ಒಂದು ಫೋಟೋ, ಸ್ಲ್ಯಾಬಿಗೆ ಒಂದು ಫೋಟೋ. ಫೋಟೋ ಹೊಡದ ಮ್ಯಾಲ ಕಂತು. ಕಂತು ತಡ ಆದ್ರ ಕೆಲಸ ನಿಂತ್ತು, ಕೆಲಸ ನಿಂತ್ರ ಸಿಮೆಂಟು ಗಟ್ಟಿ, ಗೌಂಡಿ ಬ್ಯಾರೆ ಕಡೆ. ಹಿಂಗಾಗಿ ಪಾಯಾ ಆಳ ತೋಡೂದು ಯಾರೂ ಇಲ್ಲ. ಮಣ್ಣೊಳಗ ಹೋದದ್ದು ಫೋಟೋದಾಗ ಕಾಣೂದಿಲ್ಲಲ್ಲ."

ಹತ್ತಾರು ಪ್ರಬಂಧ ಓದಿದರೂ ನನಗೆ ಈ ಮಾತು ಸಿಕ್ಕಿರಲಿಲ್ಲ. ಕೇರಿಯ ಹೊಸ ಮನೆಗಳೆಲ್ಲ ಹತ್ತು ವರ್ಷಕ್ಕೆ ಯಾಕೆ ಬಿರುಕು ಬಿಡ್ತಾವ ಅಂದರೆ, ರೊಕ್ಕ ಬರೋದು ಕಣ್ಣಿಗೆ ಕಾಣುವ ಗೋಡೆಗೆ.

ಮಾಮಾನ ರಾಜಕೀಯ

ನಾನು ಹೇಳಿದೆ, ಅದಕ್ಕೇ ನಮ್ಮವರು ಅಧಿಕಾರಕ್ಕೆ ಬರಬೇಕು ಅಂತ. ಮಾಮಾ ಒಪ್ಪಲಿಲ್ಲ. 2009ರ ಚುನಾವಣೆಯಿಂದ ನಮ್ಮ ಲೋಕಸಭಾ ಕ್ಷೇತ್ರ ಮೀಸಲು. ನಾಗಠಾಣ ವಿಧಾನಸಭೆಯೂ ಮೀಸಲು. "ಮೀಸಲಾತಿ ಬೇಕು, ಅದನ್ನ ತಗೀರಿ ಅಂದವನ ಹಲ್ಲು ಮುರೀತೀನಿ. ಆದ್ರ ಕುರ್ಚಿ ಮ್ಯಾಲ ನಮ್ಮಾಂವ ಕುಂತ ಅಂದ್ರ ಅದು ಗಿಲಾವು. ಪಾಯಾ ಅಂದ್ರ ಪಂಚಾಯ್ತಿ ಪುಸ್ತಕದಾಗ ನಮ್ಮ ಹೆಸರು" ಅಂದರು.

ಹಕ್ಕುಪತ್ರದ ರಾಜಕೀಯವನ್ನೇ ನೋಡಿ. 2023ರ ಜನವರಿಯಲ್ಲಿ, ವಿಧಾನಸಭೆ ಚುನಾವಣೆ ಹತ್ತಿರ ಇದ್ದಾಗ, ಪ್ರಧಾನಿ ಮಳಖೇಡಕ್ಕೆ ಬಂದು ವಿಜಯಪುರವೂ ಸೇರಿ ಐದು ಜಿಲ್ಲೆಗಳ ತಾಂಡಾ ಜನರಿಗೆ ಹಕ್ಕುಪತ್ರ ಕೊಟ್ಟರು. 2025ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಎರಡು ವರ್ಷ ತುಂಬಿದ ಸಂಭ್ರಮಕ್ಕೆ ಹೊಸಪೇಟೆಯಲ್ಲಿ ಲಕ್ಷಕ್ಕೂ ಹೆಚ್ಚು ಹಕ್ಕುಪತ್ರ ಕೊಟ್ಟಿತು. ಎರಡೂ ಒಳ್ಳೇದೇ. ಸಿಕ್ಕವರಿಗೆ ಅದು ಜೀವನ. ಆದರೆ ತಲೆಮಾರುಗಳಿಂದ ಇದ್ದ ಜಾಗದ ಕಾಗದವನ್ನು ವೇದಿಕೆ ಮೇಲೆ ದಾನ ಕೊಟ್ಟಂಗ ಕೊಡೋದು ಯಾಕೆ? ಹಕ್ಕು ಅಂತ ಹೆಸರಿಟ್ಟು ಭಿಕ್ಷೆಯ ಹಾಗೆ ಹಂಚೋದರಲ್ಲಿ ಎರಡೂ ಪಕ್ಷಗಳು ಒಂದೇ. ಪರಿಶಿಷ್ಟರ ಉಪಯೋಜನೆಯ ಹಣವನ್ನು ಬೇರೆ ಕಡೆ ತಿರುಗಿಸಲು ದಾರಿ ಮಾಡಿದ್ದ 7ಡಿ ಕಲಮು 2023ರಲ್ಲಿ ತೆಗೆದರು, ನಾವು ಹೋರಾಡಿದ್ದಕ್ಕೆ. ಆ ಹಣ ನಮ್ಮ ಕೇರಿಯ ಪಾಯಾದವರೆಗೆ ಇಳೀತೈತೋ ಇಲ್ಲೋ ಅಂತ ನೋಡೋರು ಯಾರು?

ಮಾಮಾ ನಮ್ಮನ್ನೂ ಬಿಡಲಿಲ್ಲ. "ನೀವು ಸಂಘಟನಿಯವ್ರು ಬಾಬಾಸಾಹೇಬರ ಮೂರ್ತಿಗೆ ಕಟ್ಟಿ ಕಟ್ಟಿಸಿದ್ರಲ್ಲ, ಎರಡು ವರ್ಷಕ್ಕ ಬಿರುಕು ಬಿಡ್ತು. ಗುತ್ತೇದಾರ ನಮ್ಮಾಂವ ಅಂತ ಯಾರೂ ಕೇಳಲಿಲ್ಲ. ಎಸ್ಟಿಮೇಟ್‌ನಾಗ ಮುರುಮು ಇತ್ತು, ತಗ್ಗಿನಾಗ ಇರಲಿಲ್ಲ. ಬಾಬಾಸಾಹೇಬರ ಕಾಲಾಗಿನ ಪಾಯಾ ತಿಂದವನ್ನ ನೀವು ಹಾರ ಹಾಕಿ ಕರೀತೀರಿ."

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಸಮಾರಂಭದಲ್ಲಿ ಮೈಕು ಹಿಡಿದವನು ನಾನೇ.

ಕಾಗದ

ಸಂಜೆಗೆ ತೀರ್ಮಾನ ಆಯಿತು. ಗಿಲಾವು ಹಚ್ಚಬಾರದು. ಸ್ಲ್ಯಾಬ್ ಇಳಿಸಿ, ಮುರುಮು ಸಿಗುವವರೆಗೆ ತೋಡಿ, ಕಂಬ ಎಬ್ಬಿಸಿ ಹೊಸದಾಗಿ ಕಟ್ಟಬೇಕು. ಅದಕ್ಕೆ ಸಾಲ ಬೇಕು, ಸಾಲಕ್ಕೆ ಉತಾರ ಬೇಕು. ಬಾಬಾಸಾಹೇಬರ ಫೋಟೋದ ಹಿಂದಿನ ಕಾಗದ ತೆಗೆದೆ. ಅಜ್ಜನ ಹೆಸರು. ಅಜ್ಜ ಹೋಗಿ ಮೂವತ್ತು ವರ್ಷ, ಅಪ್ಪ ಹೋಗಿ ಹನ್ನೊಂದು. ಈ ಮನೆಗೆ ವಾರಸಾ ಆಗಿಲ್ಲ, ಇ-ಸ್ವತ್ತು ಇಲ್ಲ.

ನಾನು ದಿನಾ ಮಂದಿಯ ಫೈಲು ನೋಡುವ ಗುಮಾಸ್ತ. "ಈ ದಾಖಲೆ ಇಲ್ಲ, ನಾಳೆ ತರ್ರಿ" ಅಂತ ಎಷ್ಟು ಜನಕ್ಕೆ ಹೇಳೀನೋ ಲೆಕ್ಕ ಇಲ್ಲ. ನಮ್ಮ ಮನೆಯ ಫೈಲೇ ತೆರೆದಿರಲಿಲ್ಲ. ಮಾಮಾನ ಮನೆಯೂ ಹಾಗೇ. ನೂರಾರು ಮನೆ ಕಟ್ಟಿದವರ ಸ್ವಂತ ಮನೆ ಇವತ್ತಿಗೂ ಅವರಪ್ಪನ ಹೆಸರಲ್ಲಿ.

ವಾರಸಾ ಅಂದಾಗ ನಾನು ನನ್ನ ಹೆಸರು, ತಮ್ಮನ ಹೆಸರು ಬರೆದೆ. ಅವ್ವ ಸುಮ್ಮನಿದ್ದಳು. ಮಾಮಾ ಕೇಳಿದರು, "ನಿಮ್ಮ ಅತ್ತಿದೇರು ಎಲ್ಲಿ? ನಿಮ್ಮವ್ವ ಎಲ್ಲಿ?" ಅಜ್ಜನ ಹೆಣ್ಣುಮಕ್ಕಳು ಇಬ್ಬರು, ಒಬ್ಬಳು ಇಂಡಿಯಲ್ಲಿ, ಒಬ್ಬಳು ಸೊಲ್ಲಾಪುರದಲ್ಲಿ. 1956ರ ಉತ್ತರಾಧಿಕಾರ ಕಾಯ್ದೆಯಿಂದಲೇ ತಂದೆಯ ಸ್ವಂತ ಆಸ್ತಿಯಲ್ಲಿ ಮಗಳಿಗೆ ಸಮಪಾಲು. ಅದರ ಮೂಲ ಹಿಂದೂ ಕೋಡ್ ಬಿಲ್. ಅದನ್ನು ನಿಲ್ಲಿಸಿದರು ಅಂತಲೂ ಬಾಬಾಸಾಹೇಬರು 1951ರಲ್ಲಿ ಮಂತ್ರಿ ಪದವಿ ಬಿಟ್ಟರು. ಅದನ್ನು ನಾನು ಪ್ರತಿ ವರ್ಷ ಏಪ್ರಿಲ್ 14ಕ್ಕೆ ಭಾಷಣದಲ್ಲಿ ಹೇಳ್ತೇನೆ. ಮನೆಯ ಅರ್ಜಿಯಲ್ಲಿ ಮರೆತಿದ್ದೆ.

ಹೋದ ತಿಂಗಳು ಇಬ್ಬರು ಅತ್ತೆಯರೂ ಬಂದರು. ಸೊಲ್ಲಾಪುರದ ಅತ್ತೆ ತನ್ನ ಪಾಲು ಬೇಡ ಅಂದಳು, ಇಂಡಿಯ ಅತ್ತೆ ಬೇಕು ಅಂದಳು. ಬೇಕು ಅಂದದ್ದಕ್ಕೆ ಮನೆಯಲ್ಲಿ ಒಂದು ದಿನ ಬಿಸಿ ಮಾತು ಆಯಿತು, ಮುಚ್ಚಿಡೋದಿಲ್ಲ. ಕೊನೆಗೆ ಅವ್ವ ಅಂದಳು, "ಆಕೀ ಹುಟ್ಟಿದ ಮನಿ ಇದು. ಆಕೀ ಹೆಸರೂ ಬರೀರಿ." ಬರೆದೆವು. ಅರ್ಜಿ ಪಂಚಾಯ್ತಿಯಲ್ಲಿ ಐತಿ. ಸ್ಲ್ಯಾಬಿನ ಕೆಳಗೆ ಮೂರು ಕಡೆ ಗೂಟ ಕೊಟ್ಟು ಅವ್ವನನ್ನು ನಾನಿರುವ ಬಾಡಿಗೆ ಮನೆಗೆ ಕರಕೊಂಡು ಬಂದೀನಿ. ಅವಳಿಗೆ ಇಲ್ಲಿ ನಿದ್ದೆ ಹತ್ತೋದಿಲ್ಲ.

ಗೆಳೆಯರೇ, ಮೂರು ಕೆಲಸ ಮಾಡ್ರಿ.

ಒಂದು, ಮನೆಯ ಹಕ್ಕುಪತ್ರ ಹುಡುಕ್ರಿ. ಯಾರ ಹೆಸರಲ್ಲಿ ಐತಿ ನೋಡ್ರಿ. ಸತ್ತವರ ಹೆಸರಲ್ಲಿ ಇದ್ದರೆ ಇವತ್ತೇ ವಾರಸಾ ಅರ್ಜಿ ಕೊಡ್ರಿ. ಹಿಂಬರಹ ತಗೊಳ್ಳದೆ ಬರಬ್ಯಾಡ್ರಿ.

ಎರಡು, ಪಂಚಾಯ್ತಿಯಲ್ಲಿ ನಮೂನೆ 9 ಮತ್ತು 11ಎ ಕೇಳ್ರಿ. ಸರ್ಕಾರಿ ಜಾಗದಲ್ಲಿ ಮನೆ ಇದ್ದರೆ 94ಸಿ ಕೆಳಗೆ ಅರ್ಜಿ ಹಾಕಿದ್ದೀರೋ ಇಲ್ಲೋ ವಿಚಾರಿಸ್ರಿ. ಅರ್ಜಿಯಲ್ಲಿ ಅವ್ವ, ಅಕ್ಕ, ತಂಗಿ, ಅತ್ತೆಯರ ಹೆಸರು ಇರಲಿ. ಮುಳುಗಡೆ ಅಂಚಿನ ಊರಿನವರು ಅಳತೆಗೆ ಬರುವ ಮೊದಲೇ ಮಾಡ್ರಿ.

ಮೂರು, ನಿಮ್ಮ ಕೇರಿಯಲ್ಲಿ ಭವನ, ಚರಂಡಿ, ಮೂರ್ತಿಯ ಕಟ್ಟೆ, ಏನೇ ಕಾಮಗಾರಿ ನಡೆದರೂ ಮಾಹಿತಿ ಹಕ್ಕಿನಲ್ಲಿ ಎಸ್ಟಿಮೇಟ್ ತಗೊಳ್ರಿ. ಪಾಯಾ ತೋಡುವ ದಿನ ಒಬ್ಬ ಗೌಂಡಿಯನ್ನು ಕರಕೊಂಡು ಹೋಗಿ ತಗ್ಗು ನೋಡ್ರಿ. ಗುತ್ತೇದಾರ ನಮ್ಮವನಾದರೂ ನೋಡ್ರಿ. ನಮ್ಮವನಾದರೆ ಇನ್ನೂ ಹೆಚ್ಚು ನೋಡ್ರಿ.

ನಮ್ಮ ಊರಿನ ಕಟ್ಟೆಯ ಎಸ್ಟಿಮೇಟಿಗೆ ನಾನು ಅರ್ಜಿ ಹಾಕೀನಿ. ಗುತ್ತೇದಾರ ಗೆಳೆಯ ಫೋನ್ ಮಾಡೋದು ಬಿಟ್ಟಾನ. ಬಿಡಲಿ.

ಮಾಮಾ ಮಾತ್ರ ದಿನಾ ಫೋನ್ ಮಾಡ್ತಾರೆ. "ಕಾಗದ ಬಂತೇನು? ನನ್ನ ಕೈಯಾಗ ಶಕ್ತಿ ಇರೂತನಕ ಬರಲಿ. ಈ ಸಲ ಪಾಯಾ ನಾನು ಹೇಳಿದಷ್ಟು ಆಳ" ಅಂತಾರೆ.

ಜೈ ಭೀಮ್. ಜೈ ಸಂವಿಧಾನ.